ನಾಲ್ಕೂರು ತಿರುಗಿದ ಲೇಥು

ಅಮೀರ್ಬೀ ಕೆಟ್ಟ ಹೆಂಗಸು ಎಂದು ಸೇಡಂನಲ್ಲಿ ಕೆಲವರು ಈಗಲೂ ಹೇಳುತ್ತಾರೆ. ಹೇಳಲಿ ಬಿಡಿ. ಅರ್ಧ ನಾನೂ ಒಪ್ಪುತ್ತೇನೆ. ಮೋಸ ಮಾಡಿದವರನ್ನು ಆಕೆ ಮರೆಯುವವಳಲ್ಲ, ದೇವರ ಮೇಲೆ ಹಾಕಿ ಸುಮ್ಮನಾಗುವವಳಂತೂ ಅಲ್ಲವೇ ಅಲ್ಲ. ಆದರೆ ಆಕೆಯನ್ನು ಆ ಮಟ್ಟಕ್ಕೆ ತಂದವನ ಹೆಸರನ್ನೂ ಜೊತೆಗೇ ಹೇಳಬೇಕಲ್ಲವೇ? ಅಲ್ಲಿಗೆ ಬಂದಾಗ ಈ ಜನರ ನಾಲಿಗೆ ಒಣಗುತ್ತದೆ. ನನ್ನದು ಒಣಗುವುದಿಲ್ಲ. ಲಕ್ಷ್ಮಿಕಾಂತ ಸೌಕಾರ. ಬೇಕಾದರೆ ಬರೆದುಕೊಳ್ಳಿ.

ನಾನು ಅಂಬಿಕಾ. ಈ ಸೌಕಾರನ ಚಿತ್ತಾಪುರದ ಐಟಿಐನಲ್ಲಿ ಹದಿನಾಲ್ಕು ವರ್ಷ ಸ್ಟೋರ್ ನೋಡಿಕೊಂಡವಳು. ಬೀಗದ ಕೈಗೊಂಚಲು ನನ್ನ ಸೊಂಟದಲ್ಲೇ ಇರುತ್ತಿತ್ತು. ಒಳಗೆ ಏನಿದೆ, ಏನಿಲ್ಲ ಎಂಬುದು ನನಗೆ ಗೊತ್ತಿದ್ದಷ್ಟು ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ಬೆರಳು ತೋರಿಸುವುದು ಬೇಡ.

ಸೌಕಾರನಿಗೆ ಮೂರು ಐಟಿಐ. ಚಿತ್ತಾಪುರದಲ್ಲೊಂದು, ಸೇಡಂನಲ್ಲೊಂದು, ಚಿಂಚೋಳಿಯಲ್ಲೊಂದು. ಹತ್ತನೇ ಇಯತ್ತೆ ಮುಗಿಸಿದ ಮಕ್ಕಳು ಎರಡು ವರ್ಷ ಕಲಿತು ಕೈಗೊಂದು ಕಸುಬು ಮಾಡಿಕೊಳ್ಳಲಿ ಎಂದು ಸರ್ಕಾರ ಮಂಜೂರು ಮಾಡಿದ್ದು. ಮೂರರಲ್ಲೂ ಟರ್ನರ್ ಟ್ರೇಡ್ ಇತ್ತು. ಟರ್ನರ್ ಅಂದರೆ ಲೇಥ್ ಮಷೀನಿನಲ್ಲಿ ಕಬ್ಬಿಣದ ಸಲಾಕೆಯನ್ನು ತಿರುಗಿಸಿ, ಟೂಲ್ ಹಿಡಿದು, ಬೇಕಾದ ಅಳತೆಗೆ ಕೆತ್ತುವವನು. ಮೂರು ಐಟಿಐ, ಮೂರು ಟರ್ನರ್ ಟ್ರೇಡ್, ಲೇಥು ಮಾತ್ರ ಒಂದೇ. ತಪಾಸಣೆಯ ಕಮಿಟಿ ಸೇಡಂಗೆ ಬರುತ್ತದೆಂದರೆ ಲೇಥು ಲಾರಿ ಹತ್ತಿ ಸೇಡಂಗೆ ಹೋಗುತ್ತಿತ್ತು. ಚಿಂಚೋಳಿಗೆ ಬರುತ್ತದೆಂದರೆ ಚಿಂಚೋಳಿಗೆ. ಗುರುತು ಹತ್ತಬಾರದೆಂದು ಊರಿಗೊಂದು ಬಣ್ಣ ಬೇರೆ: ಸೇಡಂನಲ್ಲಿ ಹಸಿರು, ನಮ್ಮಲ್ಲಿ ನೀಲಿ, ಚಿಂಚೋಳಿಯಲ್ಲಿ ಬೂದಿ. ನೆಲದ ಫರಸಿಯ ಮೇಲೆ ನಾಲ್ಕು ಬೋಲ್ಟಿನ ತಲೆಗಳನ್ನು ಪ್ಲಾಸ್ಟರ್ ಹಚ್ಚಿ ಅಂಟಿಸಿರುತ್ತಿದ್ದರು. ನೋಡಿದವರಿಗೆ ಮಷೀನನ್ನು ಬುನಾದಿ ತೋಡಿ ಬಿಗಿದಂತೆ ಕಾಣಬೇಕು. ಮದುವೆಮನೆಯ ಬಾಡಿಗೆ ಪಾತ್ರೆ ಕೂಡ ಇಷ್ಟು ತಿರುಗಿರಲಿಕ್ಕಿಲ್ಲ.

ಆ ಲೇಥು ಸೌಕಾರನದಲ್ಲ. ಅದು ಅಮೀರ್ಬೀಯ ಗಂಡ ಸರ್ದಾರನದು. ಶಹಾಬಾದದಲ್ಲಿ ಅವನದೊಂದು ಚಿಕ್ಕ ವರ್ಕ್‌ಶಾಪ್ ಇತ್ತು. ಕಲ್ಲು ಪಾಲಿಶ್ ಮಾಡುವ ಮಷೀನುಗಳ ಶಾಫ್ಟ್ ಸವೆದರೆ ಊರಿನವರೆಲ್ಲ ಅವನ ಹತ್ತಿರವೇ ಬರುತ್ತಿದ್ದರು. ಅಮೀರ್ಬೀ ಮಾತ್ರ ವರ್ಕ್‌ಶಾಪಿಗೆ ಕಾಲಿಟ್ಟವಳಲ್ಲ. ಅವರ ಮನೆ ವಾಡಿಯಲ್ಲಿ. ಆಕೆ ಅಲ್ಲಿ ಗೌಂಡಿಗಳ ಕೈಕೆಳಗೆ ಸಿಮೆಂಟಿನ ಮಾಲು ಕಲೆಸುವವಳು. ಸಿಮೆಂಟಿಗೆ ಉಸುಕೆಷ್ಟು, ಖಡಿ ಎಷ್ಟು, ನೀರೆಷ್ಟು ಎಂದು ಆಕೆಗೆ ಯಾವ ಇಂಜಿನಿಯರೂ ಹೇಳಿಕೊಡಬೇಕಾಗಿರಲಿಲ್ಲ. ಸಲಿಕೆಯ ಸಪ್ಪಳ ಕೇಳಿಯೇ ಮಾಲು ಗಟ್ಟಿಯೋ ತೆಳುವೋ ಹೇಳುತ್ತಿದ್ದಳು.

ಸರ್ದಾರ ಎದೆನೋವಿನಿಂದ ಒಂದೇ ದಿನದಲ್ಲಿ ಹೋಗಿಬಿಟ್ಟ. ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಸೌಕಾರ ವಾಡಿಯ ಮನೆಗೆ ಬಂದ. ಬಂದವನು ಚಾಪೆಯ ಮೇಲೆಯೇ ಕೂತನಂತೆ, ಕುರ್ಚಿ ಹಾಕಿದರೂ ಒಲ್ಲೆ ಅಂದನಂತೆ. ಎಂಥ ವಿನಯ!

“ಸರ್ದಾರನ ಹೆಸರು ಉಳೀಬೇಕು ಅಮೀರ್ಬೀ,” ಅಂದನಂತೆ. “ಆ ಲೇಥು ನಮ್ಮ ಕಾಲೇಜಿಗೆ ಕೊಡು. ಬಡವರ ಮಕ್ಕಳು ಅದರ ಮ್ಯಾಲ ಕಲೀತಾರ. ನಿಮ್ಮಾಗ ಅಂತಾರಲ್ಲ, ಸತ್ತವರಿಗೆ ಸವಾಬ್ ಮುಟ್ಟತದಂತ. ನಿನ್ನ ಮಗಳಿಗೂ ಅಲ್ಲೇ ಸೀಟು ಕೊಡ್ತೀನಿ.”

ಸವಾಬ್ ಅಂದರೆ ಪುಣ್ಯ. ಸತ್ತವರ ಹೆಸರಿನಲ್ಲಿ ಬಾವಿ ತೋಡಿಸಿದರೆ, ಎಲ್ಲಿಯವರೆಗೆ ಜನ ಆ ನೀರು ಕುಡಿಯುತ್ತಾರೋ ಅಲ್ಲಿಯವರೆಗೆ ಪುಣ್ಯ ಗೋರಿಯಲ್ಲಿರುವವನಿಗೆ ಮುಟ್ಟುತ್ತಲೇ ಇರುತ್ತದೆಂದು ಅವರ ನಂಬಿಕೆ. ಅಮೀರ್ಬೀಗೆ ಬಾವಿ ತೋಡಿಸುವ ಶಕ್ತಿ ಎಲ್ಲಿಂದ ಬರಬೇಕು? ಲೇಥು ಇತ್ತು, ಕೊಟ್ಟಳು. ಮಕ್ಕಳು ಅದರ ಮೇಲೆ ಕಲಿತಷ್ಟು ದಿನ ಗಂಡನಿಗೆ ಮುಟ್ಟುತ್ತದೆ ಎಂದುಕೊಂಡು ಸಮಾಧಾನವಾಗಿದ್ದಳು. ಮಗಳು ಮಹೆವಿಶಳನ್ನು ನಮ್ಮ ಚಿತ್ತಾಪುರದ ಐಟಿಐಗೆ ಟರ್ನರ್ ಟ್ರೇಡಿಗೆ ಹಾಕಿದಳು.

ಮಹೆವಿಶ ಎರಡು ವರ್ಷ ದಿನಾ ವಾಡಿಯಿಂದ ರೈಲಿಗೆ ಬಂದು ಹೋದಳು. ಎರಡು ವರ್ಷದಲ್ಲಿ ಲೇಥು ನಮ್ಮಲ್ಲಿದ್ದದ್ದು ಲೆಕ್ಕ ಹಾಕಿ ಮೂರು ವಾರ. ಆ ಮೂರು ವಾರವೂ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿರುತ್ತಿತ್ತು. ಕಲಿಸಬೇಕಾದ ಮಾಸ್ತರ ಸಂತೋಷಕುಮಾರ, ಸೌಕಾರನ ಹೆಂಡತಿಯ ತಮ್ಮ. ಅವನು ಬೋರ್ಡಿನ ಮೇಲೆ ಲೇಥಿನ ಚಿತ್ರ ಬರೆಯುತ್ತಿದ್ದ, ಹುಡುಗರು ನೋಡಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಮೊದಲೇ ಕೆತ್ತಿಸಿ ತಂದ ತುಂಡುಗಳಿಗೆ ನಂಬರು ಹೊಡೆದು ಇಟ್ಟರು. ಎಲ್ಲರೂ ಪಾಸು. ಮಹೆವಿಶ ಫಸ್ಟ್ ಕ್ಲಾಸು.

“ನಮ್ಮ ಲೇಥು ಎಲ್ಲಿ?” ಎಂದು ಹುಡುಗಿ ಎಷ್ಟು ಸಲ ನನ್ನನ್ನು ಕೇಳಿದಳೋ. “ರಿಪೇರಿಗೆ ಹೋಗ್ಯಾದವ್ವ,” ಅನ್ನುತ್ತಿದ್ದೆ. ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆ ಸರ್ಟಿಫಿಕೇಟು ಹಿಡಿದುಕೊಂಡು ಮಹೆವಿಶ ತಾಂಡೂರಿನಾಚೆಯ ಒಂದು ಪಂಪಿನ ಕಾರ್ಖಾನೆಗೆ ಹೋದಳು. ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವ ಮುಂಚೆ ಮಷೀನಿನ ಮುಂದೆ ನಿಲ್ಲಿಸಿ ನೋಡುತ್ತಾರೆ. ಸಲಾಕೆಯನ್ನು ಹಿಡಿಯುವ ಭಾಗಕ್ಕೆ ಚಕ್ ಅನ್ನುತ್ತಾರೆ. ಅದನ್ನು ಒಂದು ಕೀಲಿಯಿಂದ ಬಿಗಿಯಬೇಕು. ಬಿಗಿದ ಮೇಲೆ ಕೀಲಿ ತೆಗೆದು, ಆಮೇಲೆ ಮಷೀನು ಚಾಲೂ ಮಾಡಬೇಕು. ಲೇಥನ್ನು ಒಂದು ದಿನ ಮುಟ್ಟಿದವರಿಗೂ ಇದು ಗೊತ್ತಿರುತ್ತದೆ. ಮಹೆವಿಶ ಕೀಲಿ ಅಲ್ಲೇ ಬಿಟ್ಟು ಸ್ವಿಚ್ ಒತ್ತಿದಳು. ಅಂಗೈಯಗಲದ ಆ ಕಬ್ಬಿಣ ಅವಳ ಕಿವಿಯ ಪಕ್ಕದಿಂದ ಹಾರಿ ಹಿಂದಿನ ಕಿಟಕಿಯನ್ನು ಒಡೆಯಿತು. ಎರಡು ಬೆರಳು ಈಚೆ ಬಂದಿದ್ದರೆ ಹುಡುಗಿ ಇರುತ್ತಿರಲಿಲ್ಲ. ಅಲ್ಲಿದ್ದವರು ನಕ್ಕರಂತೆ. ಫೋರ್‌ಮನ್ ಒಬ್ಬ ನಗಲಿಲ್ಲ. “ನಾಲ್ಕು ತಿಂಗಳಿಗೆ ಮತ್ತ ಪರೀಕ್ಷೆ ಇಡ್ತೀವಿ. ಎಲ್ಲಾದ್ರೂ ಖರೇ ಕಲ್ತು ಬಾ ತಾಯಿ. ಆಮ್ಯಾಲ ವಯಸ್ಸು ಮೀರ್ತದ, ಮತ್ತ ತಗೊಳ್ಳಾಕ ಬರಂಗಿಲ್ಲ,” ಅಂದನಂತೆ.

ಹುಡುಗಿಗೆ ಉಳಿದದ್ದು ಆ ಒಂದೇ ಅವಕಾಶ. ಅಮೀರ್ಬೀ ಆ ದಿನವೇ ಸೌಕಾರನ ಹತ್ತಿರ ಹೋದಳು. ಅವನು ಅಂದು ನಮ್ಮ ಐಟಿಐನಲ್ಲೇ ಕೂತಿದ್ದ, ನಾನೇ ಚಹಾ ಒಯ್ದು ಕೊಟ್ಟಿದ್ದೆ.

“ನಾಲ್ಕು ತಿಂಗಳು ಲೇಥು ಒಂದು ಜಾಗಾದಾಗ ಇಡ್ರಿ ಸೌಕಾರ್ರ. ಹುಡುಗಿ ಅದರ ಮ್ಯಾಲ ಕೈ ಪಳಗಿಸ್ತಾಳ. ಅಷ್ಟೇ ಕೇಳಾಕತ್ತೀನಿ,” ಅಂದಳು.

ಸೌಕಾರ ಚಹಾ ಕುಡಿಯುವುದನ್ನು ನಿಲ್ಲಿಸಲಿಲ್ಲ. “ಫಸ್ಟ್ ಕ್ಲಾಸ್ ಸರ್ಟಿಫಿಕೇಟ್ ಕೊಟ್ಟೀನಲ್ಲ, ಇನ್ನೇನು ಕಲೀಬೇಕು ಆಕಿ? ಮುಟ್ಟಿದ್ರ ಮಷೀನ್ ಸವೀತದ, ಬಣ್ಣ ಹೋಗ್ತದ. ಹೆಣ್ಣುಹುಡುಗಿ, ಲಗ್ನಾ ಮಾಡು.”

“ಆತ್ರಿ,” ಅಂದಳು ಅಮೀರ್ಬೀ. ಅಷ್ಟೇ. ನಾನು ಹೊರಗೆ ಹೋಗಿ ನೋಡಿದರೆ ಆಕೆ ಖಾಲಿ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, ಒಳಗಿನ ಫರಸಿಯ ಮೇಲಿನ ನಾಲ್ಕು ಸುಳ್ಳು ಬೋಲ್ಟುಗಳನ್ನು ನೋಡುತ್ತಿದ್ದಳು.

“ಅಂಬಿಕಾ, ಖರೇ ಹೇಳು. ಎರಡು ವರ್ಷದಾಗ ಒಂದು ಕೂಸರ ಆ ಮಷೀನ್ ಮ್ಯಾಲ ಕಲೀತೇನು?”

ನನ್ನಿಂದ ಇನ್ನು ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಲಾರಿ, ಬಣ್ಣ, ಪ್ಲಾಸ್ಟಿಕ್ಕು, ಕೆತ್ತಿಸಿ ತಂದ ತುಂಡು, ಎಲ್ಲ. ಆಕೆ ಅಳಲಿಲ್ಲ, ಬೈಯಲಿಲ್ಲ.

“ಅಂದ್ರ ಅವರಿಗೆ ಸವಾಬ್ ಏನೂ ಮುಟ್ಟಿಲ್ಲ. ಇವ ನನ್ನ ಗಂಡನ ಗೋರಿಯೊಳಗ ಕೈ ಹಾಕಿ ಕಸಗೊಂಡಾನ. ಇವನ್ನ ಬಿಡಂಗಿಲ್ಲ ನಾ.”

ಏನು ಮಾಡುತ್ತಾಳೆಂದು ಕೇಳಿದರೆ ಅದಿನ್ನೂ ತನಗೂ ಗೊತ್ತಿಲ್ಲ ಅಂದಳು.

ದಾರಿ ತೋರಿಸಿದವನು ಸೌಕಾರನೇ. ಮುಂದಿನ ವಾರ ಕಮಿಟಿ ಚಿತ್ತಾಪುರಕ್ಕೆ ಬರುವುದಿತ್ತು. ಅಷ್ಟರಲ್ಲಿ ನಮ್ಮ ವರ್ಕ್‌ಶಾಪಿನ ಪ್ಲಾಸ್ಟರ್ ಬೋಲ್ಟುಗಳಲ್ಲಿ ಎರಡು ಕಿತ್ತುಬಂದವು. ನಮ್ಮ ಪ್ರಿನ್ಸಿಪಾಲ ದೇವೀಂದ್ರಪ್ಪ ಪಾಪದ ಮನುಷ್ಯ, ಸೌಕಾರ ಕೆಮ್ಮಿದರೆ ಎದ್ದು ನಿಲ್ಲುವವ. ನನ್ನನ್ನು ಕರೆದು, “ಅಂಬಿಕಾಬಾಯಿ, ಯಾರರ ಸಿಮೆಂಟ್ ಕೆಲಸದವರನ್ನ ಕರಸ್ರಿ. ಬೋಲ್ಟ್ ನೆಟ್ಟಗ ಕೂಡಿಸ್ಬೇಕು, ನೋಡಿದವ್ರಿಗೆ ಖರೇ ಬುನಾದಿ ಕಂಡಂಗ ಕಾಣ್ಬೇಕಂತ. ಸೌಕಾರ್ರು ಹೇಳ್ಯಾರ,” ಅಂದ.

ನಾನು ಅಮೀರ್ಬೀಗೆ ಫೋನ್ ಮಾಡಿದೆ. ಆ ಕಡೆಯಿಂದ ಆಕೆ ನಗುವುದು ಕೇಳಿಸಿತು. ಗಂಡ ಸತ್ತ ಮೇಲೆ ಆಕೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಂದಳು. ಫರಸಿ ಎಬ್ಬಿಸಿದಳು. ಲೇಥಿನ ಎರಡು ಕಾಲು ಕೂರುವ ಜಾಗದಲ್ಲಿ ಎರಡು ಕುಣಿ ತೋಡಿದಳು, ಒಂದೊಂದೂ ಮೊಣಕಾಲುದ್ದ. ಒಳಗೆ ಸರಳಿನ ಜಾಳಿಗೆ ಇಳಿಸಿದಳು. ಸರ್ದಾರನ ಹಳೆಯ ಗೆಳೆಯ ಅತೀಕ ಶಹಾಬಾದದಿಂದ ತುದಿ ಬಾಗಿಸಿದ ದೊಡ್ಡ ಬೋಲ್ಟುಗಳನ್ನು ಮಾಡಿಸಿ ತಂದ. ಗುರುವಾರ ಮಧ್ಯಾಹ್ನ ಸೇಡಂನಿಂದ ಲಾರಿ ಬಂತು. ಹಮಾಲರು ಚೈನ್ ಪುಲ್ಲಿಯಿಂದ ಲೇಥನ್ನು ಆಕೆ ತೋರಿಸಿದ ಜಾಗಕ್ಕೇ ಇಳಿಸಿ ಹೋದರು. ಲಾರಿ ಆಚೆ ಹೋದದ್ದೇ ತಡ, ಆಕೆ ಮಾಲು ಕಲೆಸಲು ನಿಂತಳು. ಕುಣಿ ತುಂಬಿದಳು, ಸಾಲದೆಂದು ಲೇಥಿನ ಕಾಲುಗಳ ಸುತ್ತ ಕಟ್ಟೆ ಕಟ್ಟಿ, ಗೇಣೆತ್ತರ ಕಾಲು ಮುಳುಗುವ ಹಾಗೆ ಕಾಂಕ್ರೀಟು ಸುರಿದಳು. ಸಲಾಕೆ ಚುಚ್ಚಿ ಚುಚ್ಚಿ ಗಾಳಿ ಹೊರಹಾಕಿದಳು. ತಾನು ಕಟ್ಟಿದ ಯಾವ ಮನೆಗೂ ಆಕೆ ಅಷ್ಟು ಶ್ರದ್ಧೆಯಿಂದ ಮಾಲು ಹಾಕಿರಲಿಕ್ಕಿಲ್ಲ. ಒಂದೊಂದು ಬುಟ್ಟಿ ಸುರಿಯುವಾಗಲೂ ಹಲ್ಲು ಕಚ್ಚಿ ಏನೋ ಅನ್ನುತ್ತಿದ್ದಳು. ದುವಾ ಇರಬೇಕೆಂದು ಹತ್ತಿರ ಹೋಗಿ ಕೇಳಿದರೆ, ಅದು ಸೌಕಾರನ ಏಳು ತಲೆಮಾರಿಗೆ ಸೇರಿದ ಬೈಗುಳ.

ಗೋಣಿತಟ್ಟು ಹೊದಿಸಿ ದಿನಕ್ಕೆ ಮೂರು ಸಲ ನೀರು ಹಾಕಿದಳು. ದೇವೀಂದ್ರಪ್ಪ ಬಂದು, “ಇಷ್ಟ್ಯಾಕವ್ವ ನೀರು?” ಎಂದು ಕೇಳಿದ.

“ಬಿಸಿಲಿಗೆ ಫರಸಿ ಸಿಡೀಬಾರದಲ್ರಿ,” ಅಂದಳು.

ಅವನು ಬಗ್ಗಿ ನೋಡಿದ. “ಭಾಳ ಚಂದ ಮಾಡಿಯವ್ವ. ಥೇಟ್ ಖರೇ ಬುನಾದಿ ಕಂಡಂಗೇ ಕಾಣ್ತದ ನೋಡು!” ಅಂದ. ನಾನು ಸ್ಟೋರಿನೊಳಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಕಮಿಟಿ ಬಂತು, ನೋಡಿತು, ಒಪ್ಪಿತು. ಸೌಕಾರ ಕೂಡ ದೂರದಿಂದ ನೋಡಿ ಶಭಾಷ್ ಅಂದ. ಮುಂದಿನ ತಪಾಸಣೆ ಚಿಂಚೋಳಿಯದು, ಅದಕ್ಕೆ ಇನ್ನೂ ಮೂರು ತಿಂಗಳಿತ್ತು. ಅಲ್ಲಿಯವರೆಗೆ ಲೇಥು ನಮ್ಮಲ್ಲೇ ಇರಲಿ ಎಂದು ಹೇಳಿ ಹೋದ. ಆ ಮೂರು ತಿಂಗಳು ಅವನ ಗಮನವೆಲ್ಲ ಚಿಂಚೋಳಿಯ ಹೊಸ ಕಟ್ಟಡದ ಮೇಲಿತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಮರುದಿನದಿಂದಲೇ ಪ್ಲಾಸ್ಟಿಕ್ ಕಿತ್ತೆಸೆದೆ. ಮಹೆವಿಶ ಬೆಳಗಿನ ಗಾಡಿಗೆ ಬಂದು ಸಂಜೆಯ ಗಾಡಿಗೆ ಹೋಗುತ್ತಿದ್ದಳು. ಅತೀಕ ವಾರಕ್ಕೆ ಎರಡು ದಿನ ಬಂದು ಕಲಿಸಿದ. ಮೊದಮೊದಲು ಸ್ವಿಚ್ಚಿನ ಹತ್ತಿರ ಹೋದರೆ ಕಣ್ಣು ಮುಚ್ಚುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಸುರುಳಿ ಸುರುಳಿಯಾಗಿ ಕಬ್ಬಿಣದ ಚೂರು ಬೀಳತೊಡಗಿತು. ಸಪ್ಪಳ ಕೇಳಿ, ಆ ವರ್ಷ ಟರ್ನರ್ ಓದುತ್ತಿದ್ದ ಹನ್ನೊಂದು ಹುಡುಗರೂ ಬೋರ್ಡಿನ ಚಿತ್ರ ಬಿಟ್ಟು ಎದ್ದು ಬಂದರು. ಸಂತೋಷಕುಮಾರ ಮಾಸ್ತರನಿಗೆ ಅದರಿಂದ ಸಂತೋಷವೇ ಆಯಿತು, ಮನೆಯಲ್ಲಿ ಮಲಗಬಹುದಲ್ಲ.

ಚಿಂಚೋಳಿಯ ತಪಾಸಣೆಯ ದಿನ ಬಂತು. ಸೌಕಾರ ಬೆಳಿಗ್ಗೆ ಏಳಕ್ಕೇ ಲಾರಿ ಮತ್ತು ಹಮಾಲರೊಂದಿಗೆ ನಮ್ಮಲ್ಲಿಗೆ ಬಂದ. ಹನ್ನೊಂದಕ್ಕೆ ಕಮಿಟಿ ಚಿಂಚೋಳಿಯಲ್ಲಿರುತ್ತದೆ, ಅಷ್ಟರೊಳಗೆ ಲೇಥು ಅಲ್ಲಿ ನಿಂತಿರಬೇಕು. ಹಮಾಲರು ಸರಪಳಿ ಬಿಗಿದು ಎಳೆದರು. ಚೈನ್ ಪುಲ್ಲಿಯ ಮುಕ್ಕಾಲಿ ವಾಲಿತು, ಲೇಥು ಕದಲಲಿಲ್ಲ. ಸೌಕಾರ ಬಗ್ಗಿ ನೋಡಿದ. ಅವನ ಮುಖ ನೋಡುವ ಹಾಗಿತ್ತು.

“ಏನಿದು? ಯಾರು ಮಾಡಿದ್ರು ಇದನ್ನ?”

ಅಮೀರ್ಬೀ ಹೊಸ್ತಿಲ ಮೇಲೆ ಕೂತು ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದಳು. “ನಾನೇ ರೀ ಸೌಕಾರ್ರ. ಖರೇ ಬುನಾದಿ ಕಂಡಂಗ ಕಾಣ್ಬೇಕಂದಿದ್ರಿ. ಸುಳ್ಳ ಮಾಡಾಕ ನನಗ ಬರಂಗಿಲ್ಲ, ಖರೇ ಬುನಾದೀನೇ ಹಾಕೀನಿ.”

ಹಮಾಲರು ಹಾರೆ, ಸುತ್ತಿಗೆ ಹಿಡಿದು ಬಡಿದರು. ಮೂರು ತಿಂಗಳ ಕಾಂಕ್ರೀಟು, ಕಿಡಿ ಹಾರಿತೇ ಹೊರತು ಚಕ್ಕೆ ಏಳಲಿಲ್ಲ. ಒಮ್ಮೆ ಸುತ್ತಿಗೆ ತಪ್ಪಿ ಲೇಥಿನ ಕಾಲಿಗೆ ಬಿತ್ತು. “ಎರಕದ ಕಬ್ಬಿಣಲೇ, ಒಡದೀತು!” ಎಂದು ಸೌಕಾರ ಕೂಗಿಕೊಂಡ. ಸಂತೋಷಕುಮಾರನನ್ನು ಹಾಸಿಗೆಯಿಂದ ಎಬ್ಬಿಸಿ ಕರೆಸಿದ. ಅವನು ಲೇಥಿನ ಸುತ್ತ ಎರಡು ಸಲ ತಿರುಗಿ, ತಲೆ ಕೆರೆದುಕೊಂಡು ನಿಂತ.

ಆಗ ಮಹೆವಿಶ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. “ಅಂಬಕ್ಕ, ಲೇಥಿನ ಮೈ ಬ್ಯಾರೆ, ಕಾಲು ಬ್ಯಾರೆ. ಮೈ ಕೆಳಗ ಬೋಲ್ಟ್ ಅವ. ಅವನ್ನ ಬಿಚ್ಚಿದ್ರ ಕಾಲು ಇಲ್ಲೇ ಬಿಟ್ಟು ಮಷೀನ್ ಮ್ಯಾಲೆತ್ತಬಹುದು. ಅರ್ಧ ತಾಸಿನ ಕೆಲಸ.”

ನಾನು ಅವಳ ತೋಳು ಚಿವುಟಿದೆ, ಕಪ್ಪಗಾಗುವ ಹಾಗೆ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಅಲ್ಲಿ ಹನ್ನೊಂದು ಹುಡುಗರೂ ನಿಂತಿದ್ದರು. ಎಲ್ಲರಿಗೂ ಗೊತ್ತಿತ್ತು, ಅತೀಕ ಬಿಚ್ಚಿ ತೋರಿಸಿದ್ದ. ಒಬ್ಬನೂ ಬಾಯಿ ಬಿಡಲಿಲ್ಲ. ಮೂರು ಐಟಿಐ ನಡೆಸುವ ಸೌಕಾರ, ಟರ್ನರ್ ಕಲಿಸುವ ಮಾಸ್ತರ, ಪ್ರಿನ್ಸಿಪಾಲ, ಇಷ್ಟು ಜನಕ್ಕೆ ಲೇಥಿನ ಕಾಲು ಬಿಚ್ಚುತ್ತವೆ ಎಂಬುದು ಗೊತ್ತಿರಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು. ಹದಿನಾಲ್ಕು ವರ್ಷದ ಉರಿ ಅದು.

“ಜರಾ ಎಡಕ್ಕ ಹೊಡೀರಿ ತಮ್ಮಾ, ಅಲ್ಲಿ ಮಾಲು ತೆಳ್ಳಗಿತ್ತು,” ಎಂದು ಅಮೀರ್ಬೀ ರೊಟ್ಟಿ ಅಗಿಯುತ್ತ ಹೇಳಿದಳು. ಹೊಡೆದರು. ಏನೂ ಆಗಲಿಲ್ಲ. ಒಂಬತ್ತಕ್ಕೆ ಸೌಕಾರ ಖಾಲಿ ಲಾರಿಯನ್ನು ಬಿಟ್ಟು ಕಾರಿನಲ್ಲಿ ಚಿಂಚೋಳಿಗೆ ಓಡಿದ.

ಅಲ್ಲಿ ಆದದ್ದನ್ನು ಚಿಂಚೋಳಿಯ ಕ್ಲರ್ಕು ರಾಜೇಶ್ವರಿ ಮಧ್ಯಾಹ್ನ ಫೋನಿನಲ್ಲಿ ಹೇಳಿದಳು. ಕಮಿಟಿಯ ಹಿರಿಯ ಅಧಿಕಾರಿ ಖಾಲಿ ಫರಸಿಯ ಮೇಲಿನ ನಾಲ್ಕು ಬೋಲ್ಟುಗಳನ್ನು ನೋಡಿ, ಒಂದನ್ನು ಚಪ್ಪಲಿಯ ತುದಿಯಿಂದ ಮುಟ್ಟಿದರಂತೆ. ಬೋಲ್ಟು ಉರುಳಿಕೊಂಡು ಗೋಡೆಯವರೆಗೆ ಹೋಯಿತಂತೆ. ಲೇಥು ರಿಪೇರಿಗೆ ಚಿತ್ತಾಪುರಕ್ಕೆ ಹೋಗಿದೆ ಅಂದನಂತೆ ಸೌಕಾರ. “ಹಂಗಾದ್ರ ಅಲ್ಲಿಗೇ ಹೋಗೂಣ ನಡೀರಿ,” ಅಂದರಂತೆ ಅಧಿಕಾರಿ.

ನಾಲ್ಕಕ್ಕೆ ನಮ್ಮಲ್ಲಿದ್ದರು. ಆ ಅಧಿಕಾರಿ ಒಂದು ಕಾಲದಲ್ಲಿ ತಾವೇ ಟರ್ನರ್ ಆಗಿದ್ದವರು. ಸುತ್ತಿಗೆಯ ಗುರುತು ನೋಡಿ ಸಂತೋಷಕುಮಾರನ ಕಡೆ ತಿರುಗಿದರು.

“ಏನ್ರಿ ಮಾಸ್ತರ, ಈ ಲೇಥು ಬ್ಯಾರೆ ಕಡೆ ಒಯ್ಯಬೇಕಂದ್ರ ಏನ್ ಮಾಡ್ಬೇಕು?”

“ಜೆಸಿಬಿ ತರಿಸ್ಬೇಕ್ರಿ ಸರ್.”

ಹಿಂದೆ ನಿಂತಿದ್ದ ಹುಡುಗರು ಕಿಸಕ್ಕನೆ ನಕ್ಕರು. ಅಧಿಕಾರಿ ಅವರ ಕಡೆ ನೋಡಿ, ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಮಹೆವಿಶ ಮುಂದೆ ಬಂದು, ಬಗ್ಗಿ, ಮೈ ಕೆಳಗಿನ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದಳು. ಸೌಕಾರ ಆ ಬೋಲ್ಟುಗಳನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಬೆಳಿಗ್ಗೆಯಿಂದ ಅವಳು ಅಲ್ಲೇ ನಿಂತಿದ್ದಳೆಂಬುದು ಅವನಿಗೆ ಆಗ ಹೊಳೆದಿರಬೇಕು. ಕಿವಿಯವರೆಗೆ ಕೆಂಪಾದ.

ಅಧಿಕಾರಿ ಜೇಬಿನಿಂದ ಕೀಲಿ ತೆಗೆದು ಲೇಥಿನ ಬಣ್ಣ ಕೆರೆದರು. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಬೂದಿ. ಇನ್ನೂ ಕೆರೆದರೆ ಬರಿಯ ಕಬ್ಬಿಣದ ಮೇಲೆ ಉಳಿಯಿಂದ ಕೊರೆದ ಸರ್ದಾರನ ಹೆಸರು. “ಇದು ಯಾರ ಮಷೀನು?” ಎಂದರು. ಸೌಕಾರ ಅಮೀರ್ಬೀಯ ಕಡೆ ನೋಡಿ ಬೇಡ ಬೇಡ ಎಂದು ಸನ್ನೆ ಮಾಡಿದ. ಆಕೆ ಎದ್ದು, ಸೆರಗು ಸರಿಪಡಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಹೇಳಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ನಾನು ಹೇಳಿದೆ. ಹದಿನಾಲ್ಕು ವರ್ಷ ಮುಚ್ಚಿದ ಬಾಯಿ ಒಮ್ಮೆ ತೆರೆದರೆ ಮುಚ್ಚುವುದುಂಟೇ? ಬರೆಯುವವನಿಗೆ ಕೈ ನೋವು ಬಂತು.

ಆದರೆ ಅವರು ಹೊರಡುವಾಗ ಮಾಡಿದ್ದನ್ನು ನಾವ್ಯಾರೂ ಯೋಚಿಸಿರಲಿಲ್ಲ. ವರ್ಕ್‌ಶಾಪಿನ ಬಾಗಿಲು ಮುಚ್ಚಿ, ಬಟ್ಟೆ ಸುತ್ತಿ ಅರಗಿನ ಸೀಲು ಒತ್ತಿದರು. ಲೇಥು ಸಾಕ್ಷಿಯಂತೆ. ತನಿಖೆ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಮಹೆವಿಶಳ ಕಾರ್ಖಾನೆಯ ಪರೀಕ್ಷೆಗೆ ಇನ್ನು ಹದಿನೆಂಟು ದಿನವಿತ್ತು. ಹೊರಗಿನ ವ್ಯಾಸದ ಕೆತ್ತನೆ ಬಂದಿತ್ತು, ಮರೆ ಕೊರೆಯುವುದು, ಅಂದರೆ ಸಲಾಕೆಗೆ ಬೋಲ್ಟಿನಂತೆ ಸುತ್ತು ಹಾಕುವುದು, ಇನ್ನೂ ಅರ್ಧಂಬರ್ಧ. ಅತೀಕನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಬಿಟ್ಟರೆ ಬೇರೆ ಮಷೀನಿಲ್ಲ.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಹುಡುಗಿ ತಾಯಿಯ ಕಡೆ ತಿರುಗಿ ಕೂಡ ನೋಡಲಿಲ್ಲ.

“ನಿನ್ನ ಸೇಡು ತೀರ್ತಲ್ಲ ಅಮ್ಮಿ. ನನ್ನ ಕೈ ಎಲ್ಲಿ ಕಲೀಬೇಕು ಇನ್ನ?”

ಅಮೀರ್ಬೀ ಸಿಮೆಂಟು ತಿಂದು ಬಿರಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಾಡಿ ಬಂದರೂ ಏಳಲಿಲ್ಲ, ನಾನೇ ಎಬ್ಬಿಸಿದೆ.

ಮರುದಿನ ಬೆಳಿಗ್ಗೆ ಸೌಕಾರ ವಾಡಿಗೆ ಬಂದ. ಈ ಸಲವೂ ಚಾಪೆಯ ಮೇಲೆಯೇ ಕೂತ. ನಾನೂ ಅಲ್ಲೇ ಇದ್ದೆ.

“ಆದದ್ದಾತು ಅಮೀರ್ಬೀ. ಅಂಜಿಕಿಗೆ ತಪ್ಪು ಹೇಳಿದ್ದೆ ಅಂತ ಒಂದು ಕಾಗದಕ್ಕ ಹೆಬ್ಬೆಟ್ಟು ಒತ್ತಿ ಕೊಡು. ನಾ ನಾಳೆನೇ ಸೀಲ್ ತೆಗಿಸ್ತೀನಿ. ಹದಿನೆಂಟು ದಿನಾನೂ ನಿನ್ನ ಮಗಳು ಕಲೀಲಿ. ಆ ಕಾರ್ಖಾನಿ ತಗೊಳ್ಳಲಿಲ್ಲಂದ್ರ ನಮ್ಮಲ್ಲೇ ಆಕೀನ ಮಾಸ್ತರಬಾಯಿ ಮಾಡ್ತೀನಿ. ಸರ್ದಾರನ ಹೆಸರೂ ಬೋರ್ಡಿನ ಮ್ಯಾಲ ಬರಸ್ತೀನಿ.”

ಅಮೀರ್ಬೀ ಸೌಕಾರನನ್ನು ನೋಡಲಿಲ್ಲ, ಮಗಳನ್ನು ನೋಡಿದಳು. “ಬದುಕು ನಿಂದು. ನೀ ಹೇಳು. ಒತ್ತು ಅಂದ್ರ ಈಗ ಒತ್ತತೀನಿ,” ಅಂದಳು. ಅಷ್ಟು ಹೇಳಲು ಆಕೆಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಮಹೆವಿಶ ನೀರಿನ ತಂಬಿಗೆಯನ್ನು ಸೌಕಾರನ ಮುಂದೆ ಇಟ್ಟಳು. ಮನೆಗೆ ಬಂದವರಿಗೆ ಇಡುವ ಮರ್ಯಾದೆಯ ನೀರು. ಆಮೇಲೆ ಹೇಳಿದಳು.

“ಎರಡು ವರ್ಷ ತಗೊಂಡ್ರಿ ಸೌಕಾರ್ರ. ಈಗ ಹದಿನೆಂಟು ದಿನ ಕೊಡಾಕ ಬಂದೀರಿ? ನೀರು ಕುಡೀರಿ, ಹೋಗ್ರಿ.”

ಅವನು ಕುಡಿಯದೆಯೇ ಎದ್ದು ಹೋದ. ಅಮೀರ್ಬೀ ಎದ್ದು ಬಂದು ಮಗಳ ತಲೆಯನ್ನು ಎದೆಗೊತ್ತಿಕೊಂಡು, “ನಿಮ್ಮಪ್ಪಗ ಇನ್ನ ಸವಾಬ್ ಹೆಂಗ ಮುಟ್ಟತದವ್ವ, ಮಷೀನ್ ಮುಚ್ಚಿಹೋತಲ್ಲ,” ಎಂದು ಅತ್ತಳು. “ನಾವು ಹನ್ನೆರಡು ಮಂದಿ ಕಲ್ತೀವಲ್ಲ ಅಮ್ಮಿ, ಮುಟ್ಟೇದ,” ಅಂದಳು ಹುಡುಗಿ. ನಾನೂ ಅತ್ತೆ. ಅಳಲಿಕ್ಕೆ ನನಗೇನು ಕಾರಣ ಬೇಕೇ?

ಆ ಹದಿನೆಂಟು ದಿನ ಮಹೆವಿಶ ಬರಿಗೈಯಲ್ಲಿ ಕಲಿತಳು. ಮನೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಂತು, ಇಲ್ಲದ ಲೇಥಿನ ಹಿಡಿಗಳನ್ನು ತಿರುಗಿಸುತ್ತಿದ್ದಳು. ಅತೀಕ ಕಟ್ಟೆಯ ಮೇಲೆ ಕೂತು, “ಈಗ ಟೂಲ್ ಹಿಂದಕ್ಕ ತಗಿ. ಈಗ ತಿರಗಾ ಮುಂದಕ್ಕ. ಅವಸರ ಮಾಡಬ್ಯಾಡ,” ಎಂದು ಹೇಳಿಕೊಡುತ್ತಿದ್ದ. ಓಣಿಯ ಹೆಂಗಸರು ಹುಡುಗಿಗೆ ಗಾಳಿ ಹಿಡಿದಿದೆ ಅಂದರು. ಪರೀಕ್ಷೆಯ ದಿನ ನಾನೂ ಅಮೀರ್ಬೀಯೂ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದೆವು. ಮೂರು ತಾಸಿನ ನಂತರ ಹುಡುಗಿ ಹೊರಗೆ ಬಂದಳು. ಮರೆ ಒಂದು ಕಡೆ ಒರಟಾಗಿತ್ತಂತೆ, ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲವಂತೆ. ಫೋರ್‌ಮನ್ ಆ ತುಂಡನ್ನು ಮೈಕ್ರೋಮೀಟರಿನಿಂದ ಮೂರು ಸಲ ಅಳೆದು, “ಸೋಮವಾರದಿಂದ ಬಾ,” ಅಂದನಂತೆ.

ಸೌಕಾರನ ಮೂರು ಐಟಿಐಗಳ ಮಂಜೂರಾತಿ ರದ್ದಾಯಿತು. ನನ್ನ ಕೆಲಸವೂ ಅದರ ಜೊತೆಗೇ ಹೋಯಿತು. ಅದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ, ತಿಂಗಳ ಮೊದಲ ತಾರೀಖು ಬಿಟ್ಟರೆ. ನಮ್ಮ ಮತ್ತು ಸೇಡಂನ ಮಕ್ಕಳಿಗೆ ಹತ್ತಿರದಲ್ಲೇ ಸೀಟು ಸಿಕ್ಕಿತು, ಚಿಂಚೋಳಿಯ ನಲವತ್ತು ಮಕ್ಕಳನ್ನು ಮಾತ್ರ ದೂರದ ಬೇರೆ ಐಟಿಐಗೆ ಸೇರಿಸಿದರು. ಕೊಡ್ಲಿಯ ಕಡೆಯ ಆರು ಹುಡುಗಿಯರು ಅಷ್ಟು ದೂರ ಹೋಗಲಾಗದೆ ಮನೆಯಲ್ಲಿ ಕೂತರು. ಇದನ್ನು ಅಮೀರ್ಬೀಗೆ ಹೇಳಿದವಳೂ ನಾನೇ.

ಮಹೆವಿಶಳ ಕೈಗೆ ಮೊದಲ ಪಗಾರ ಬಂದ ಮರುದಿನ ಅಮೀರ್ಬೀ ಪೇಡೆಯ ಡಬ್ಬಿ ಹಿಡಿದು ನನ್ನನ್ನು ಸೇಡಂಗೆ ಕರೆದುಕೊಂಡು ಹೋದಳು. ಯಾರ ಮನೆಗೆ ಎಂದು ದಾರಿಯುದ್ದಕ್ಕೂ ಹೇಳಲಿಲ್ಲ. ಹೋಗಿ ನಿಂತದ್ದು ಸೌಕಾರನ ಮನೆಯ ಪಡಸಾಲೆಯಲ್ಲಿ. ಊರಿನ ಹತ್ತು ಜನ ದೊಡ್ಡವರು ಅಲ್ಲಿ ಕೂತಿದ್ದರು. ಸಿಹಿ ತಂದವಳನ್ನು ಎಲ್ಲರೆದುರು ಹೊರಗೆ ಹಾಕಲು ಬರುತ್ತದೆಯೇ? ಆಕೆ ಎಲ್ಲರಿಗೂ ಒಂದೊಂದು ಪೇಡೆ ಕೊಟ್ಟು, ಮಗಳಿಗೆ ಟರ್ನರ್ ಕೆಲಸ ಸಿಕ್ಕಿತೆಂದು ಹೇಳಿ, ಕೊನೆಗೆ ಅವನ ಮುಂದೆ ನಿಂತಳು.

“ನನಗ ಶುಗರ್ ಅದ, ಬ್ಯಾಡ,” ಅಂದ ಸೌಕಾರ.

“ಒಂದು ಲೇಥು ಮೂರು ಕಾಲೇಜಿಗೆ ಸಾಕಾತು. ಒಂದು ಪೇಡೆ ನಿಮಗ ಹೆಚ್ಚಾಗ್ತದೇನ್ರಿ? ಬಾಯಿ ತೆರೀರಿ.”

ಸೌಕಾರ ಬಾಯಿ ತೆರೆದ. ಆಕೆ ಆ ಬಿರಿದ ಕೈಯಿಂದಲೇ ತಿನ್ನಿಸಿದಳು. ಅವನು ಅಗಿದು ನುಂಗುವವರೆಗೆ ಅಲ್ಲಿಂದ ಕದಲಲಿಲ್ಲ.

ಸ್ಟೇಷನ್ನಿಗೆ ಬರುವವರೆಗೂ ನಾನು ನಗುತ್ತಲೇ ಇದ್ದೆ. ಆಕೆ ನಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಉಳಿದ ಪೇಡೆಗಳನ್ನು ನೋಡುತ್ತ ನಿಂತಳು. ಎಣಿಸಿದರೆ ಆರು ಇದ್ದವು.

“ಇವೂ ಅವಗ ತಿನ್ನಿಸ್ಬೇಕಿತ್ತು ಅಂಬಿಕಾ. ಕೊಡ್ಲಿ ಹುಡುಗೇರು ಮನ್ಯಾಗ ಕುಂತಾರಲ್ಲ, ಅವರ ಹೆಸರಿಲೆ. ಅವರನ್ನ ಮನ್ಯಾಗ ಕೂಡಿಸಿದಾಕಿ ನಾನೂ ಇದ್ದೀನಿ, ಅದಕ್ಕ ಕೈ ಬರಲಿಲ್ಲ.”

ಗಾಡಿ ಬಂತು. ಡಬ್ಬಿ ಮುಚ್ಚಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ವಾಡಿಯವರೆಗೂ ಹಾಗೇ ಕೂತಿದ್ದಳು.